ಒಂದೂವರೆ ಮಿಲಿಮೀಟರು

ಲ್ಯಾಪ್‌ಟಾಪನ್ನು ರೂಪಿಸಿದವರು ಮನುಷ್ಯನಿಗೆ ಕುತ್ತಿಗೆ ಇದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಪರದೆ ಕಣ್ಣಿಗೆ ನೇರ ಬರಲಿ ಎಂದು ಎತ್ತಿಟ್ಟರೆ ಕೀಬೋರ್ಡು ಎದೆಮಟ್ಟಕ್ಕೆ ಏರುತ್ತದೆ. ಕೀಬೋರ್ಡು ಕೈಗೆ ಹದವಾಗಿ ಸಿಗಲಿ ಎಂದು ಇಳಿಸಿದರೆ ಪರದೆ ಹೊಟ್ಟೆಮಟ್ಟಕ್ಕೆ ಇಳಿಯುತ್ತದೆ. ಎರಡನ್ನೂ ಒಂದೇ ತಿರುಗಣಿಗೆ ಕಟ್ಟಿದ ಮೇಲೆ ಬಾಗಬೇಕಾದದ್ದು ಕುತ್ತಿಗೆಯೇ. ವಿಜಯಪುರದ ಎಲುಬಿನ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಏನ್ ಕೆಲ್ಸ ಮಾಡ್ತೀರಿ?” ಎಂದರು. “ಬರೀತೀನ್ರಿ” ಎಂದೆ. “ಅದು ಖರೆ, ಕೆಲ್ಸ ಏನ್ ಮಾಡ್ತೀರಿ?” ಎಂದು ಮತ್ತೆ ಕೇಳಿದರು. ಮಾಸ್ತರಿಕೆ ಮಾಡಿ ನಿವೃತ್ತನಾದವನು ಎಂದ ಮೇಲೆ ಅವರಿಗೆ ಸಮಾಧಾನವಾಯಿತು. ಗುಳಿಗೆ ಬರೆದುಕೊಟ್ಟು, “ಲ್ಯಾಪ್‌ಟಾಪ್ ಮ್ಯಾಲ ಎತ್ತಿ ಇಡ್ರಿ, ಕೀಬೋರ್ಡ್ ಬ್ಯಾರೇದು ತಗೋರಿ” ಎಂದು ಬಾಯಿಮಾತಿನ ಪಥ್ಯವನ್ನೂ ಹೇಳಿದರು.

ಎತ್ತಿ ಇಡುವುದು ಸುಲಭವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳದ್ದು. ಒಂದೊಂದೂ ಎರಡು ಕೈಯಲ್ಲಿ ಎತ್ತುವಷ್ಟು ದಪ್ಪ. ಎರಡನ್ನು ಒಂದರ ಮೇಲೊಂದಿಟ್ಟರೆ ಪರದೆ ಸರಿಯಾಗಿ ಹುಬ್ಬಿನ ನೇರಕ್ಕೆ ಬಂತು. ಆ ಎರಡು ಸಂಪುಟಗಳಲ್ಲಿರುವ ಪದಗಳ ಅರ್ಥ ಬೇಕಾದರೆ ಈಗ ಮೇಜನ್ನೇ ಖಾಲಿ ಮಾಡಬೇಕು. ಹಾಗಾಗಿ ಆ ಅಕ್ಷರಗಳಿಂದ ಶುರುವಾಗುವ ಕಠಿಣ ಪದಗಳು ನನ್ನ ಬರಹದಲ್ಲಿ ಕಡಿಮೆಯಾಗಿವೆ. ಓದುಗರಿಗೆ ಅದು ಲಾಭವೇ.

ತಾಪತ್ರಯ ಶುರುವಾದದ್ದು “ಬ್ಯಾರೇದು” ಎಂಬಲ್ಲಿ. ನನಗೆ ಬೇಕಾದದ್ದು ಲ್ಯಾಪ್‌ಟಾಪಿನಲ್ಲಿ ಇರುವಂಥದ್ದೇ ಕೀಬೋರ್ಡು; ಆದರೆ ಅದು ಲ್ಯಾಪ್‌ಟಾಪಿನಲ್ಲಿ ಇರಬಾರದು. ಇಷ್ಟು ಸರಳವಾದ ಬೇಡಿಕೆಯನ್ನು ಅಂಗಡಿಯವರಿಗೆ ತಿಳಿಸಿ ಹೇಳುವುದು ಎಂಥ ಕಷ್ಟ ಎಂಬುದು ಹೇಳಹೋದವರಿಗೇ ಗೊತ್ತು.

ನಮ್ಮೂರು ತಿಕೋಟಾ ಈಗ ತಾಲ್ಲೂಕು ಕೇಂದ್ರ. ತಹಸೀಲ್ದಾರ ಕಚೇರಿ ಇದೆ, ಝೆರಾಕ್ಸ್ ಅಂಗಡಿಗಳಿವೆ, ಉತಾರ ತೆಗೆಸಲು ನಿಂತ ಪಾಳಿ ಇದೆ, ದ್ರಾಕ್ಷಿಗೆ ಹೊಡೆಯುವ ಔಷಧದ ಅಂಗಡಿಗಳಂತೂ ಬೇಕಾದಷ್ಟಿವೆ. ಆದರೆ ಕೀಬೋರ್ಡು ಆರಿಸಬೇಕೆಂದರೆ ಅಥಣಿ ರಸ್ತೆ ಹಿಡಿದು, ತೊರವಿಯ ಮಹಿಳಾ ವಿಶ್ವವಿದ್ಯಾಲಯ ದಾಟಿ, ವಿಜಯಪುರಕ್ಕೇ ಹೋಗಬೇಕು. ಅಲ್ಲಿಯ ಅಂಗಡಿಯ ಹುಡುಗ ಮರ್ಯಾದಸ್ಥ. ಕುರ್ಚಿ ಕೊಟ್ಟ, ನೀರು ಕೊಟ್ಟ, ಡಬ್ಬಿಗಳನ್ನು ಸಾಲಾಗಿ ಇಟ್ಟ. ನಾನು ಬಿಚ್ಚಿ ತೋರಿಸು ಎಂದೆ.

“ಬಾಕ್ಸ್ ಒಡದ್ರ ತಗೋಬೇಕಾಗ್ತದ ನೋಡ್ರಿ ಸರ.”

“ಹೊಡದು ನೋಡದ ಹೆಂಗ ತಗೋಳ್ಲಿ ತಮ್ಮಾ?”

“ಕೀಬೋರ್ಡ್ ಅಂದ್ರ ಕೀಬೋರ್ಡ ಅಲ್ರಿ ಸರ? ಒತ್ತಿದ್ರ ಅಕ್ಷರ ಬರ್ತದ. ಇದರಾಗೂ ಅದ ಬರ್ತದ, ಅದರಾಗೂ ಅದ ಬರ್ತದ.”

ತತ್ವಶಾಸ್ತ್ರದ ದೃಷ್ಟಿಯಿಂದ ಅವನ ಮಾತಿಗೆ ಉತ್ತರವಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಕೈಯಿಟ್ಟು ನೋಡದೆ ಯಾವ ವ್ಯಾಪಾರವೂ ಆಗುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋಗಿ ನೋಡಿ. ಖಿಲಾರಿ ಹೋರಿಯ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಬೆನ್ನ ಮೇಲೆ ಅಂಗೈ ಎಳೆಯುತ್ತಾರೆ, ನಾಲ್ಕು ಹೆಜ್ಜೆ ಓಡಿಸುತ್ತಾರೆ. ದರ ಕುದುರಿಸುವುದೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದೇ. ಮಾಲೂ ಕೈಗೆ ಸಿಗಬೇಕು, ದರವೂ ಕೈಗೆ ಸಿಗಬೇಕು. ತಿಕೋಟಾ ಭಾಗದ ಒಣದ್ರಾಕ್ಷಿ ಸಾಂಗಲಿ, ತಾಸಗಾಂವ ಪೇಟೆಗೆ ಹೋದರೆ ಅಲ್ಲಿಯ ವ್ಯಾಪಾರಿ ಮೊದಲು ಒಂದು ಕಾಳು ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತಾನೆ. ಒತ್ತಿದಾಗ ಎಷ್ಟು ತಗ್ಗಿತು, ಬಿಟ್ಟಾಗ ಎಷ್ಟು ಎದ್ದಿತು, ಬೆರಳಿಗೆ ಎಷ್ಟು ಅಂಟಿತು ಎಂಬುದರ ಮೇಲೆ ದರ. ಕೀಬೋರ್ಡು ಕೊಳ್ಳುವವನಿಗೆ ಬೇಕಾದದ್ದೂ ಇಷ್ಟೇ: ಒತ್ತಿದಾಗ ಎಷ್ಟು ತಗ್ಗುತ್ತದೆ, ಬಿಟ್ಟಾಗ ಹೇಗೆ ಏಳುತ್ತದೆ. ಕೆಲವು ಕೀಬೋರ್ಡುಗಳು ಬೆರಳಿಗೆ ಅಂಟುವುದೂ ಉಂಟು, ಅದು ಬೇರೆ ಮಾತು. ಇಡೀ ದಿನ ಬೆರಳಲ್ಲಿ ಮುಟ್ಟುವುದಕ್ಕಾಗಿಯೇ ಇರುವ ವಸ್ತುವೊಂದನ್ನು ಮುಟ್ಟದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚಿತ್ರ ತೋರಿಸಿ ಮಾರುವ ಈ ಪದ್ಧತಿಯನ್ನು ದನದ ಪೇಟೆಯವರ ಮುಂದೆ ಹೇಳಿದರೆ ನಕ್ಕಾರು.

ಹಾಗಾದರೆ ಲ್ಯಾಪ್‌ಟಾಪಿನ ಕೀಲಿಯಲ್ಲಿ ಅಂಥದ್ದೇನಿದೆ? ಅಳತೆಯ ಮಾತು ಮೊದಲು ಮುಗಿಸಿಬಿಡೋಣ. ಮೇಜಿನ ಮೇಲಿನ ಹಳೆಯ ಮಾದರಿಯ ಕೀಬೋರ್ಡಿನಲ್ಲಿ ಒಂದು ಕೀಲಿ ತಳ ಮುಟ್ಟಲು ಹೆಚ್ಚುಕಡಿಮೆ 3.5ರಿಂದ 4 ಮಿಲಿಮೀಟರು ಇಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಅದು ಒಂದರಿಂದ ಒಂದೂವರೆ ಮಿಲಿಮೀಟರು. ಉದಾರಿ ಕಂಪನಿಗಳಾದರೆ 1.8. ಮೊದಲನೆಯದರಲ್ಲಿ ಕೀಲಿಗಳು ಎತ್ತರ, ನೆತ್ತಿ ತುಸು ತಗ್ಗು, ಸಾಲುಗಳು ಮೆಟ್ಟಿಲು ಮೆಟ್ಟಿಲು. ಎರಡನೆಯದರಲ್ಲಿ ಎಲ್ಲವೂ ಒಂದೇ ಮಟ್ಟ, ಚಪ್ಪಟೆ, ಪ್ರತಿ ಕೀಲಿಯ ಸುತ್ತ ಒಂದಿಷ್ಟು ಖಾಲಿ ಜಾಗ. ಒಳಗಿನ ವ್ಯವಸ್ಥೆಯೂ ಬೇರೆ. ಅಗ್ಗದ ಮೇಜಿನ ಕೀಬೋರ್ಡಿನಲ್ಲಿ ಕೀಲಿಯ ಕೆಳಗೆ ರಬ್ಬರಿನ ಸಣ್ಣ ಗುಮ್ಮಟವೊಂದು ಮಾತ್ರ ಇರುತ್ತದೆ. ಒತ್ತಿದರೆ ಗುಮ್ಮಟ ಕುಸಿದು ಕೆಳಗಿನ ಹಾಳೆಯ ಎರಡು ಪದರಗಳನ್ನು ಮುಟ್ಟಿಸುತ್ತದೆ, ಅಕ್ಷರ ಮೂಡುತ್ತದೆ. ಕೀಲಿಯ ಮೂಲೆಯನ್ನು ಒತ್ತಿದರೆ ಅದು ಓರೆಯಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತದೆ. ಲ್ಯಾಪ್‌ಟಾಪಿನಲ್ಲೂ ರಬ್ಬರಿನ ಗುಮ್ಮಟವೇ; ಆದರೆ ಅದರ ಸುತ್ತ ಕತ್ತರಿಯಂತೆ ಒಂದನ್ನೊಂದು ದಾಟುವ ಎರಡು ಪ್ಲಾಸ್ಟಿಕ್ ಕಾಲುಗಳಿವೆ. ಯಾವ ಮೂಲೆ ಒತ್ತಿದರೂ ಕೀಲಿ ಮಟ್ಟಸವಾಗಿ ಇಳಿದು ಮಟ್ಟಸವಾಗಿ ಏಳುತ್ತದೆ. ಬೆರಳು ಎತ್ತಿ ಹೊಡೆಯಬೇಕಿಲ್ಲ, ಸವರಿಕೊಂಡು ಹೋದರೆ ಸಾಕು.

ಈ ಸವರುವ ಕೈ ನನಗೆ ಹುಟ್ಟಿನಿಂದ ಬಂದದ್ದಲ್ಲ. 1980ರ ದಶಕದಲ್ಲಿ, ಮಾಸ್ತರಿಕೆ ಸಿಗದಿದ್ದರೆ ಕಚೇರಿಯಲ್ಲಾದರೂ ಸೇರಲಿ ಎಂದು ಅಪ್ಪ ನನ್ನನ್ನು ಟೈಪಿಂಗ್ ಕ್ಲಾಸಿಗೆ ಹಾಕಿದ್ದರು. ಸಾಲಾಗಿ ಗೋದ್ರೇಜ್, ರೆಮಿಂಗ್ಟನ್ ಯಂತ್ರಗಳು. ಗೋದ್ರೇಜಿನವರು 1955ರಿಂದ ಭಾರತದಲ್ಲೇ ಟೈಪ್‌ರೈಟರ್ ತಯಾರಿಸುತ್ತಿದ್ದರು. ಅಲ್ಲಿ ಬೆರಳಿನ ಕೆಲಸ ಒತ್ತುವುದಲ್ಲ, ಎತ್ತುವುದು. ಕೀಲಿಯ ಆ ತುದಿಯಲ್ಲಿ ಉಕ್ಕಿನ ಸರಳು, ಸರಳಿನ ತಲೆಯಲ್ಲಿ ಅಚ್ಚು, ಅದು ಹಾರಿ ಬಂದು ರಿಬ್ಬನ್ನಿಗೆ ಬಡಿಯಬೇಕು. ಕಿರುಬೆರಳಿನಲ್ಲಿ ‘ಎ’ ಹೊಡೆದರೆ ಕಾಗದದ ಮೇಲೆ ಮಸುಕು ಮಸುಕು, ಮಾಸ್ತರು ಹಿಂದಿನಿಂದ ಬಂದು “ಊಟ ಮಾಡಿ ಬಂದೀಯೋ ಇಲ್ಲೋ?” ಎನ್ನುತ್ತಿದ್ದರು. ಎಎಸ್‌ಡಿಎಫ್‌ಜಿಎಫ್ ಎಂದು ಎಡಗೈ ಪಾಠ ಹೊಡೆದು ಹೊಡೆದು ಹೊರಬಿದ್ದ ಮೇಲೆ ಸಂಜೆ ತಂಬಿಗೆ ಎತ್ತಿದರೂ ಬೆರಳು ನೋಯುತ್ತಿದ್ದವು. ಕನ್ನಡ ಯಂತ್ರಕ್ಕೆ ಅನಂತ ಸುಬ್ಬರಾವ್ ಅವರು ರೂಪಿಸಿದ ಬೇರೆಯೇ ಕೀಲಿಗಳ ಜೋಡಣೆ. ಎರಡು ಭಾಷೆಗೆ ಎರಡು ಕೈ ಇಟ್ಟುಕೊಳ್ಳಬೇಕು.

ಆಮೇಲೆ ಶಾಲೆಯ ಕಂಪ್ಯೂಟರು, ಅದರ ಹಳದಿಗಟ್ಟಿದ ಕೀಬೋರ್ಡು. ಆಮೇಲೆ ಮಗಳು ಬೆಂಗಳೂರಿನಿಂದ ತಂದುಕೊಟ್ಟ ಲ್ಯಾಪ್‌ಟಾಪು. ಅದರ ಕೀಬೋರ್ಡನ್ನು ನಾನು ಆರಿಸಲಿಲ್ಲ, ಅವಳೂ ಆರಿಸಲಿಲ್ಲ. ಲ್ಯಾಪ್‌ಟಾಪು ಕೊಳ್ಳುವಾಗ ಎಲ್ಲರೂ ಬೆಲೆ ನೋಡುತ್ತಾರೆ, ಮೆಮೊರಿ ನೋಡುತ್ತಾರೆ, ಬ್ಯಾಟರಿ ಕೇಳುತ್ತಾರೆ. ಕೀಬೋರ್ಡು ವರನ ಕಡೆಯ ದೂರದ ನೆಂಟನ ಹಾಗೆ ಜೊತೆಗೆ ಬಂದುಬಿಡುತ್ತದೆ. ಮೊದಮೊದಲು ಅದರ ಮೇಲೆ ನನ್ನ ಟೈಪ್‌ರೈಟರ್ ಬೆರಳುಗಳು ಬಿದ್ದಾಗ ಮೇಜೆಲ್ಲ ನಡುಗುತ್ತಿತ್ತು. ಬರುಬರುತ್ತ ಕೈ ಹಗುರಾಯಿತು. ಎತ್ತುವುದು ಒತ್ತುವುದಾಯಿತು, ಒತ್ತುವುದು ಮುಟ್ಟುವುದಾಯಿತು. ಯಾರೂ ಬೇಕೆಂದು ತಂದದ್ದಲ್ಲದ ಆ ಒಂದೂವರೆ ಮಿಲಿಮೀಟರನ್ನೇ ಈಗ ಊರೂರು ಹುಡುಕಿ, ರೊಕ್ಕ ಕೊಟ್ಟು ತರಬೇಕಾಗಿದೆ. ಒಳ್ಳೆಯದೆಂದು ಅಲ್ಲ, ರೂಢಿಯಾಗಿದೆ ಎಂದು. ಒಳ್ಳೆಯ ಕೀಬೋರ್ಡು ಯಾವುದೆಂದು ಬಲ್ಲವರನ್ನು ಕೇಳಿದರೆ ಅವರು ಲ್ಯಾಪ್‌ಟಾಪಿನ ಕಡೆ ಕೈ ತೋರಿಸುವುದೇ ಇಲ್ಲ.

ಬಲ್ಲವರು ತೋರಿಸುವುದು ಸ್ಪ್ರಿಂಗಿನ ಕೀಬೋರ್ಡುಗಳ ಕಡೆ. ಮೆಕ್ಯಾನಿಕಲ್ ಎನ್ನುತ್ತಾರೆ. ಪ್ರತಿ ಕೀಲಿಗೂ ತನ್ನದೇ ಸ್ಪ್ರಿಂಗು, ತನ್ನದೇ ಸ್ವಿಚ್ಚು. ನಾಲ್ಕು ಮಿಲಿಮೀಟರು ಪಯಣ, ಎರಡನೆಯ ಮಿಲಿಮೀಟರಿಗೇ ಅಕ್ಷರ. ಭಾರತದಲ್ಲಿ ಇದನ್ನು ನೋಡಲು ಬಲ್ಲವರ ಮನೆಗೇನೂ ಹೋಗಬೇಕಿಲ್ಲ. ಟಿವಿಎಸ್ ಗೋಲ್ಡ್ ಎಂಬ ಕೀಬೋರ್ಡು ವರ್ಷಾನುಗಟ್ಟಲೆ ನಮ್ಮ ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಪಾಸ್‌ಬುಕ್ ಹಿಡಿದು ನಿಂತಾಗ ಗಾಜಿನ ಆಚೆಯಿಂದ ಕಟ್ ಕಟ್ ಕಟಕ್ ಎಂದು ಕೇಳುವುದು ಬಹುಪಾಲು ಅದೇ. ಆ ಸದ್ದು ನಿಂತಿತೆಂದರೆ ಸರ್ವರ್ ಡೌನ್ ಎಂದು ಪಾಳಿಯವರಿಗೆ ಯಾರೂ ಹೇಳದೆಯೂ ತಿಳಿಯುತ್ತದೆ. ಅಂಥ ಕೀಬೋರ್ಡುಗಳು ಹತ್ತಾರು ವರ್ಷ ಬಾಳುತ್ತವೆ. ಗುಮಾಸ್ತರು ನಿವೃತ್ತರಾಗುತ್ತಾರೆ, ಅವು ಆಗುವುದಿಲ್ಲ.

ಗೆಳೆಯರೊಬ್ಬರ ಮನೆಯಲ್ಲಿ ಅದೇ ಜಾತಿಯ, ಬೇರೆ ಹೆಸರಿನ ಒಂದಿತ್ತು. ಎರಡು ದಿನಕ್ಕೆಂದು ಎರವಲು ತಂದೆ. ರಾತ್ರಿ ಊಟವಾದ ಮೇಲೆ ಬರೆಯಲು ಕೂತೆ. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆಗೆ ಹಲವು ಚಪ್ಪಾಳೆ ಕೇಳುವ ಸೀಮೆಯವರು ನಾವು, ಸದ್ದಿಗೆ ಹೆದರುವವರಲ್ಲ; ಆದರೆ ಆದಿಲ್‌ಶಾಹಿಗಳು ಆ ಗುಮ್ಮಟವನ್ನು ಮಲಗುವ ಕೋಣೆಯ ಪಕ್ಕ ಕಟ್ಟಿಸಿರಲಿಲ್ಲ. “ಏನ್ರಿ ಅದು, ಮನ್ಯಾಗ ರೇಷನ್ ಕಾರ್ಡ್ ಮಾಡ್ಲಿಕ್ಕೆ ಹತ್ತೀರೇನು?” ಎಂದು ಒಳಗಿನಿಂದ ಕೇಳಿಬಂತು. ಮರುದಿನವೇ ಅದನ್ನು ಹಿಂದಿರುಗಿಸಿದೆ. ಸದ್ದಿಲ್ಲದ ಸ್ಪ್ರಿಂಗುಗಳೂ ಉಂಟು, ಎತ್ತರ ಕಡಿಮೆಯಾದ ಸ್ಪ್ರಿಂಗುಗಳೂ ಉಂಟು ಎಂದು ಮಗಳು ಹೇಳಿದಳು. ಆದರೆ ಅವೂ ಮೂರು ಮಿಲಿಮೀಟರು ಇಳಿಯುತ್ತವೆ. ನನ್ನ ಬೆರಳಿಗೆ ಅಷ್ಟು ಆಳದ ಬಾವಿ ಈಗ ಬೇಡ.

ಇಲ್ಲಿಯವರೆಗಿನದು ಜಗತ್ತಿನ ಯಾರಿಗಾದರೂ ಇರಬಹುದಾದ ತಕರಾರು. ಕನ್ನಡ ಬರೆಯುವವನಿಗೆ ಇನ್ನೂ ಎರಡು ತಕರಾರುಗಳಿವೆ, ಅವನ್ನು ಯಾವ ಕಂಪನಿಯ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ನಾವು ಬಹಳ ಜನ ಬರೆಯುವುದು ಕೆ.ಪಿ. ರಾಯರ ಜೋಡಣೆಯಲ್ಲಿ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡದ ಧ್ವನಿಗಳನ್ನು ಕೂರಿಸಿದರು. ‘ಸೇಡಿಯಾಪು’ ಎಂದು ವಿದ್ವಾಂಸರೊಬ್ಬರ ಹೆಸರಿಟ್ಟು ತಂತ್ರಾಂಶ ಮಾಡಿದರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದದ್ದೂ ಆ ದಾರಿಯಲ್ಲೇ. ಅದರಲ್ಲಿ ಕ ಎಂದರೆ ಕೆ, ನ ಎಂದರೆ ಎನ್. ಟ ಮಾತ್ರ ಕ್ಯೂ, ಡ ಡಬ್ಲ್ಯು. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಒತ್ತಬೇಕು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ‘ರಾಷ್ಟ್ರ’ ಎಂದು ಬರೆಯಲು ಎಫ್ ಎರಡು ಸಲ. ಇಂಗ್ಲಿಷಿನಲ್ಲಿ ಎಫ್ ಬಡಪಾಯಿ. ನೂರು ಅಕ್ಷರಕ್ಕೆ ಎರಡು ಸಲ ಬಂದರೆ ಹೆಚ್ಚು. ಕನ್ನಡಕ್ಕೆ ಬಂದೊಡನೆ ಅದು ಗೌಡಕಿ ಮಾಡುತ್ತದೆ. ಎಡಗೈ ತೋರುಬೆರಳು ಸುಮ್ಮನೆ ಕೂತರೆ ಅದರಡಿ ಇರುವುದೇ ಎಫ್. ನೋಡದೆ ಸಿಗಲಿ ಎಂದು ಆ ಕೀಲಿಯ ಮೇಲೆ ಸಣ್ಣ ಏರು ಬೇರೆ ಇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಫ್ ಅಕ್ಷರ ಪೂರ್ತಿ ಅಳಿಸಿ, ಏರೂ ಸವೆದು, ಕೀಲಿ ನುಣ್ಣಗೆ ಹೊಳೆಯುತ್ತದೆ. ಪಕ್ಕದ ಜಿ ನಿನ್ನೆ ತಂದಂತಿದೆ. ಕನ್ನಡದ ಮನೆಯ ಕೀಬೋರ್ಡನ್ನು ಗುರುತಿಸಬೇಕಾದರೆ ಎಫ್ ನೋಡಿದರೆ ಸಾಕು. ಇನ್‌ಸ್ಕ್ರಿಪ್ಟ್ ಜೋಡಣೆಯವರಾದರೆ ಡಿ ನೋಡಬೇಕು, ಅವರ ಒತ್ತು ಅಲ್ಲಿದೆ.

ಇನ್ನೊಂದು ಶಿಫ್ಟು. ಇಂಗ್ಲಿಷಿನವರಿಗೆ ಶಿಫ್ಟ್ ವಾಕ್ಯದ ಮೊದಲಿಗೆ ಬೇಕು, ಹೆಸರುಗಳಿಗೆ ಬೇಕು. ನಮಗೆ ದೀರ್ಘಕ್ಕೆ ಬೇಕು, ಮಹಾಪ್ರಾಣಕ್ಕೆ ಬೇಕು, ಣಕಾರಕ್ಕೆ ಬೇಕು, ಳಕಾರಕ್ಕೆ ಬೇಕು. ‘ತಿಕೋಟಾ’ ಎಂದು ಬರೆಯಲು ಆರು ಕೀಲಿ, ಅದರಲ್ಲಿ ಎರಡಕ್ಕೆ ಶಿಫ್ಟು. ‘ಬಬಲೇಶ್ವರ’ಕ್ಕೂ ಎರಡು ಶಿಫ್ಟು, ಮೇಲೊಂದು ಎಫ್. ‘ಬಿಜಾಪುರ’ಕ್ಕೆ ಒಂದು ಶಿಫ್ಟು ಬೇಕಿತ್ತು. 2014ರ ನವೆಂಬರ್ 1ರಂದು ಊರಿನ ಹೆಸರು ‘ವಿಜಯಪುರ’ ಆಯಿತಲ್ಲ, ಅದಕ್ಕೆ ಒಂದೂ ಬೇಡ. ಏಳು ಕೀಲಿ ಸಪಾಟಾಗಿ ಒತ್ತಿಕೊಂಡು ಹೋಗಬಹುದು. ಇತಿಹಾಸದ ಕಾರಣಗಳನ್ನು ತಿಳಿದವರು ಹೇಳಲಿ, ಕಿರುಬೆರಳಿನ ಪರವಾಗಿ ನಾನು ಸರ್ಕಾರಕ್ಕೆ ಋಣಿ. ಹೀಗಾಗಿ ನನಗೆ ಬೇಕಾದ ಕೀಬೋರ್ಡಿನಲ್ಲಿ ಎರಡೂ ಕಡೆಯ ಶಿಫ್ಟು ಉದ್ದವಿರಬೇಕು, ಮೂಲೆ ಒತ್ತಿದರೂ ಓರೆಯಾಗದೆ ಇಳಿಯಬೇಕು. ಸೊಗಸಿಗಾಗಿ ಎಡ ಶಿಫ್ಟನ್ನು ಮೊಟಕು ಮಾಡಿ ಪಕ್ಕದಲ್ಲಿ ಇನ್ನೊಂದು ಕೀಲಿ ತುರುಕಿದ ಕೀಬೋರ್ಡುಗಳುಂಟು. ಅಂಥದ್ದರಲ್ಲಿ ‘ಧಾರವಾಡ’ ಎಂದು ಹೊಡೆದು ನೋಡಿ, ‘ದಾರವಾಡ’ ಬಂದು ಅಲ್ಲಿಯವರ ಸಿಟ್ಟಿಗೆ ಗುರಿಯಾಗುತ್ತೀರಿ.

ಇವೆಲ್ಲ ದುಬಾರಿ ಲಹರಿ ಎಂದು ಅನಿಸಿದಾಗ ನನಗೆ ಹಳಕಟ್ಟಿಯವರ ಮುದ್ರಣಾಲಯ ನೆನಪಾಗುತ್ತದೆ. ಫ.ಗು. ಹಳಕಟ್ಟಿ ಬಿಜಾಪುರದಲ್ಲಿ ವಕೀಲರಾಗಿದ್ದವರು, ಊರೂರು ತಿರುಗಿ ವಚನಗಳ ಓಲೆಗರಿ ಕೂಡಿಸಿದವರು. ಇದ್ದ ಮನೆಯನ್ನೂ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಶುರುಮಾಡಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ. ಅಲ್ಲಿಯ ಮೊಳೆ ಜೋಡಿಸುವವರ ಕೀಬೋರ್ಡು ಯಾವುದು? ಎದುರಿಗೆ ಓರೆಯಾಗಿಟ್ಟ ಮರದ ಖಾನೆಗಳು. ಒಂದೊಂದು ಖಾನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ, ಒತ್ತುಗಳಿಗೆ ಬೇರೆ ಖಾನೆ, ದೀರ್ಘಕ್ಕೆ ಬೇರೆ. ನಾಲ್ಕು ಮಿಲಿಮೀಟರಲ್ಲ, ತೋಳು ಚಾಚುವಷ್ಟು ಪಯಣ. ಅದೂ ಅಕ್ಷರ ತಲೆಕೆಳಗು, ಎಡಬಲ ಬದಲು. ಅಷ್ಟಾಗಿಯೂ ನುರಿತ ಕಂಪಾಜಿಟರ್ ಖಾನೆಯ ಕಡೆ ನೋಡುವುದಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ತಾನಾಗಿ ಹೋಗಿ ಬರುತ್ತದೆ. ಖಾನೆಗಳ ಕ್ರಮ ಬೇರೆ ಇರುವ ಇನ್ನೊಂದು ಮುದ್ರಣಾಲಯಕ್ಕೆ ಅವನನ್ನು ಕಳಿಸಿದರೆ ಅವನೂ ನನ್ನಂತೆಯೇ ತಕರಾರು ತೆಗೆಯುತ್ತಿದ್ದ, ಅನುಮಾನವಿಲ್ಲ.

ಅಂತೂ ಹುಡುಕಾಟ ಕತ್ತರಿಕಾಲಿನ ಕೀಬೋರ್ಡುಗಳಿಗೆ ಬಂದು ನಿಂತಿತು. ಇವು ಉಂಟು, ಬೇಕಾದಷ್ಟು ಉಂಟು. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಕೀಬೋರ್ಡಿಗೆ ಮನಸೋತವರ ಕಾಟ ತಾಳದೆ ಕಂಪನಿಯವರು ಅದನ್ನೇ, ನಡುವಿನ ಕೆಂಪು ಗುಂಡಿಯ ಸಮೇತ, ಬಿಡಿಯಾಗಿ ಮಾರುತ್ತಾರೆ. ಲಾಜಿಟೆಕ್‌ನವರ ಚಪ್ಪಟೆ ಕೀಬೋರ್ಡುಗಳು ಕೆಲವು ಗುಂಡಗಿನ ಕೀಲಿಯವು, ಕೆಲವು ನಡುವೆ ತುಸು ತಗ್ಗಿರುವಂಥವು. ಆಪಲ್‌ನವರದಂತೂ ತಮಾಷೆಯ ಕತೆ. 2015ರಲ್ಲಿ ಅವರು ತಮ್ಮ ಹೊಸ ಲ್ಯಾಪ್‌ಟಾಪಿಗೆ ಚಿಟ್ಟೆಯ ರೆಕ್ಕೆಯಂಥ ಜೋಡಣೆ ತಂದು ಕೀಲಿಯ ಪಯಣವನ್ನು ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿಸಿದರು. ಒಂದು ಧೂಳಿನ ಕಣ ಹೊಕ್ಕರೆ ಕೀಲಿ ಕೆಲಸ ನಿಲ್ಲಿಸುತ್ತಿತ್ತು, ಇಲ್ಲವೇ ಒಂದೊತ್ತಿಗೆ ಎರಡು ಅಕ್ಷರ ಕೊಡುತ್ತಿತ್ತು. ಗಿರಾಕಿಗಳು ನ್ಯಾಯಾಲಯಕ್ಕೆ ಹೋದರು. ಕಂಪನಿ ಕೊನೆಗೆ 5 ಕೋಟಿ ಡಾಲರಿನ ರಾಜಿಗೆ ಒಪ್ಪಿತು. 2019ರಲ್ಲಿ ಮತ್ತೆ ಕತ್ತರಿಕಾಲಿಗೇ ಮರಳಿದಾಗ, ಅವರ ಲ್ಯಾಪ್‌ಟಾಪಿಗೆ ಮಾದರಿಯಾದದ್ದು ಮೇಜಿನ ಮೇಲೆ ಇಡುವ ಅವರದೇ ಬಿಡಿ ಕೀಬೋರ್ಡು. ನಾನು ಲ್ಯಾಪ್‌ಟಾಪಿನಂಥ ಬಿಡಿ ಕೀಬೋರ್ಡು ಹುಡುಕುತ್ತಿದ್ದರೆ ಅವರು ಬಿಡಿ ಕೀಬೋರ್ಡಿನಂಥ ಲ್ಯಾಪ್‌ಟಾಪು ಮಾಡಿ ಕೈತೊಳೆದುಕೊಂಡಿದ್ದರು. ಧೂಳಿನ ಮಾತಿಗೆ ಬಂದರೆ, ಆ ಅರ್ಧ ಮಿಲಿಮೀಟರನ್ನು ಮಾರ್ಚ್ ತಿಂಗಳಲ್ಲಿ ಒಮ್ಮೆ ತಿಕೋಟಾಕ್ಕೆ ತಂದು ಕಿಟಕಿಯ ಪಕ್ಕ ಇಟ್ಟು ನೋಡಿದ್ದರೆ ನ್ಯಾಯಾಲಯದ ಖರ್ಚು ಉಳಿಯುತ್ತಿತ್ತು. ಕರಿಮಣ್ಣಿನ ಬಯಲು, ಮಳೆ ಕಡಿಮೆ, ಗಾಳಿಗೆ ಅಡ್ಡವಿಲ್ಲ. ನನ್ನ ಕೀಬೋರ್ಡನ್ನು ತಲೆಕೆಳಗು ಮಾಡಿ ಜಾಡಿಸಿದರೆ ಒಂದು ಕುಂಡಕ್ಕೆ ಸಾಲುವಷ್ಟಲ್ಲದಿದ್ದರೂ ಸಸಿಯೊಂದಕ್ಕೆ ಆಸೆ ಹುಟ್ಟುವಷ್ಟು ಮಣ್ಣು ಬೀಳುತ್ತದೆ.

ನಡುವೆ ನನಗೊಂದು ಅತಿ ಜಾಣತನದ ಯೋಚನೆಯೂ ಬಂತು. ಲ್ಯಾಪ್‌ಟಾಪಿನಂಥದ್ದೇ ಯಾಕೆ, ಕೆಟ್ಟುಹೋದ ಲ್ಯಾಪ್‌ಟಾಪಿನದನ್ನೇ ಕಿತ್ತು ಕೊಟ್ಟರೆ? ರಿಪೇರಿಯವನು ನಕ್ಕು, ಒಂದನ್ನು ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟ. ಇಷ್ಟು ದಿನ ನಾನು ಗಟ್ಟಿಮುಟ್ಟು ಎಂದುಕೊಂಡದ್ದು ಹಪ್ಪಳದಷ್ಟು ತೆಳು, ಹಿಡಿದರೆ ಬಾಗುತ್ತದೆ. ಹಿಂಬದಿಯಲ್ಲಿ ಒಂದು ಚಪ್ಪಟೆ ಪಟ್ಟಿ. ಯಾವ ಕೀಲಿ ಒತ್ತಿದ್ದು ಎಂದು ಲೆಕ್ಕಹಾಕುವ ಚಿಪ್ಪು ಕೀಬೋರ್ಡಿನಲ್ಲಿ ಇರುವುದೇ ಇಲ್ಲ, ಅದು ಲ್ಯಾಪ್‌ಟಾಪಿನ ಬೋರ್ಡಿನಲ್ಲಿರುತ್ತದೆ. ಯುಎಸ್‌ಬಿಗೆ ಹಚ್ಚಬೇಕೆಂದರೆ ಬೇರೆ ಸರ್ಕ್ಯೂಟು ಕೂಡಿಸಿ, ಪಟ್ಟಿಯ ಒಂದೊಂದು ಗೆರೆ ಯಾವುದೆಂದು ಪತ್ತೆಹಚ್ಚಬೇಕು. “ಮಾಡೂದಕ್ಕ ಬರ್ತದ್ರಿ ಸರ, ಆದ್ರ ಅಷ್ಟರಾಗ ನೀವು ಒಂದು ಕಾದಂಬರಿ ಮುಗಿಸ್ತೀರಿ” ಎಂದ. ಬೆರಳಿಗೆ ಅನಿಸುವ ಆ ಗಟ್ಟಿತನ ಕೀಬೋರ್ಡಿನದಲ್ಲ, ಅದನ್ನು ಹಿಡಿದಿರುವ ಲ್ಯಾಪ್‌ಟಾಪಿನ ಮೈಯದು ಎಂದು ಅಲ್ಲಿ ಗೊತ್ತಾಯಿತು.

ಗೊತ್ತಾದ ಮೇಲೆ ಇನ್ನಷ್ಟು ಹೊಳೆಯಿತು. ಲ್ಯಾಪ್‌ಟಾಪಿನಲ್ಲಿ ಕೀಲಿಗಳ ಮುಂದೆ ಒಂದು ಜಗಲಿ ಇರುತ್ತದೆ. ಅಂಗೈ ಅಲ್ಲಿ ಕೂತಿರುತ್ತದೆ, ಬೆರಳಷ್ಟೇ ಓಡಾಡುತ್ತವೆ. ಬಿಡಿ ಕೀಬೋರ್ಡಿಗೆ ಜಗಲಿ ಇಲ್ಲ. ಅಂಗೈ ಮೇಜಿನ ಮೇಲೆ ಬಿದ್ದು, ಬೆರಳು ಮೇಲಕ್ಕೆ ಹತ್ತಬೇಕು. ಜೊತೆಗೆ ಹಿಂದಿನ ಎರಡು ಕಾಲು ಎತ್ತಿ ನಿಲ್ಲಿಸಿಬಿಟ್ಟರೆ ಮಣಿಕಟ್ಟು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ. ಆ ಕಾಲುಗಳು ಇರುವುದೇ ಎತ್ತುವುದಕ್ಕೆ ಎಂದು ನಾವು ಎತ್ತುತ್ತೇವೆ, ಎತ್ತದಿದ್ದರೆ ಕೊಟ್ಟ ರೊಕ್ಕ ಪೂರ್ತಿ ವಸೂಲಾಗಲಿಲ್ಲ ಎಂಬ ಭಾವನೆ. ನಾನು ಕಾಲು ಮಡಚಿ, ಕೀಬೋರ್ಡಿನ ಮುಂದೆ ಅದರಷ್ಟೇ ಎತ್ತರದ ಹಳೆಯ ಡೈರಿಯೊಂದನ್ನು ಇಟ್ಟೆ. ಅರ್ಧ ಲ್ಯಾಪ್‌ಟಾಪು ಅಲ್ಲೇ ಬಂದಂತಾಯಿತು. ಉಳಿದದ್ದು ಬಿಸಿ. ಲ್ಯಾಪ್‌ಟಾಪಿನ ಮೈ ಸದಾ ಬೆಚ್ಚಗಿರುತ್ತದಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದನ್ನು ಬೇರೆ ಕೊಳ್ಳಬೇಕಿಲ್ಲ.

ಕೊನೆಗೆ ಮಗಳು ಬೆಂಗಳೂರಿನಲ್ಲಿ ಅಂಗಡಿಗೆ ಹೋಗಿ, ಫೋನಿನಲ್ಲಿ ವಿಡಿಯೊ ಹಚ್ಚಿ, ಒಂದೊಂದರ ಮೇಲೂ ಬೆರಳಾಡಿಸಿ ತೋರಿಸಿದಳು. “ಅಪ್ಪಾ, ಇದು ಹೆಂಗನಸ್ತದ ನೋಡು” ಎನ್ನುವಳು. ನಾನು ತಿಕೋಟಾದಲ್ಲಿ ಕೂತು ಅವಳ ಬೆರಳು ಇಳಿಯುವುದನ್ನು ನೋಡಿ, “ಇದು ಬ್ಯಾಡ, ಭಾಳ ಆಳ ಐತಿ” ಎನ್ನುವೆ. ಅಂಗಡಿಯವರು ಏನು ತಿಳಿದರೋ. ಆರಿಸಿದ್ದು ಒಂದು ಚಪ್ಪಟೆ, ಕಪ್ಪು, ತಂತಿಯಿರುವ ಕೀಬೋರ್ಡು. ಕರೆಂಟು ಬೇಕಾದಾಗ ಬಂದು ಬೇಡವಾದಾಗ ಹೋಗುವ ಊರಲ್ಲಿ ಚಾರ್ಜ್ ಮಾಡಬೇಕಾದ ಸಾಮಾನು ಇನ್ನೊಂದು ಬೇಡ ಎಂದು ನಾನೇ ಹಟ ಹಿಡಿದಿದ್ದೆ. ಎರಡೂ ಶಿಫ್ಟು ಉದ್ದ. ಎಫ್ ಮೇಲಿನ ಏರು ಚೂಪಾಗಿದೆ, ಇನ್ನು ಕೆಲವು ವರ್ಷದ ಒತ್ತಕ್ಷರಕ್ಕೆ ತೊಂದರೆಯಿಲ್ಲ. ಒಂದೇ ಕೊರತೆ ಎಂದರೆ ಸ್ಕ್ರೋಲ್ ಲಾಕ್ ಇಲ್ಲ.

ಇದನ್ನು ನುಡಿ ಬಳಸಿದವರಿಗೆ ಹೇಳಿದರೆ ಮಾತ್ರ ಅರ್ಥವಾದೀತು. ಮೇಜಿನ ಕೀಬೋರ್ಡಿನ ಬಲಗಡೆ ಮೇಲೆ ಸ್ಕ್ರೋಲ್ ಲಾಕ್ ಎಂಬ ಕೀಲಿಯೊಂದು ಕೆಲಸವಿಲ್ಲದೆ ಕೂತಿರುತ್ತದೆ. ಹೆಚ್ಚಿನ ಜನ ಅದನ್ನು ಜೀವಮಾನದಲ್ಲಿ ಮುಟ್ಟುವುದಿಲ್ಲ. ಅದಕ್ಕೊಂದು ಉದ್ಯೋಗ ಕೊಟ್ಟವರು ನಮ್ಮ ನುಡಿಯವರು: ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷು. ಆ ಕೀಲಿಯ ಸಣ್ಣ ದೀಪ ಹೊತ್ತಿದ್ದರೆ ಕನ್ನಡ ಚಾಲ್ತಿಯಲ್ಲಿದೆ ಎಂದು ಲೆಕ್ಕ. ಲ್ಯಾಪ್‌ಟಾಪು ಮಾಡುವವರು ಜಾಗ ಉಳಿಸಲು ಮೊದಲು ಕಿತ್ತುಹಾಕಿದ ಕೀಲಿಗಳಲ್ಲಿ ಅದೂ ಒಂದು. ಲ್ಯಾಪ್‌ಟಾಪಿನಂಥ ಕೀಬೋರ್ಡು ಮಾಡುವವರೂ ಅವರನ್ನೇ ಅನುಸರಿಸಿದ್ದಾರೆ. ಯೂನಿಕೋಡಿಗೆ ಬಂದ ಮೇಲೆ ಬೇರೆ ಕೀಲಿಗಳಿಂದಲೂ ಭಾಷೆ ಬದಲಿಸಬಹುದು, ನಾನು ಬದಲಿಸಿಕೊಂಡೂ ಇದ್ದೇನೆ. ಆದರೂ ಬಲಗೈ ಆಗಾಗ ಮೇಲಿನ ಮೂಲೆಗೆ ಹೋಗಿ, ಅಲ್ಲಿ ಕೀಲಿ ಇಲ್ಲದೆ ಮೇಜನ್ನು ಕುಟ್ಟಿ ಬರುತ್ತದೆ.

ಮೊನ್ನೆ ಪಕ್ಕದ ತೋಟದ ಕಾಕಾ ಬಂದಿದ್ದರು. ಅವರದು ಒಣದ್ರಾಕ್ಷಿ ಶೆಡ್ಡು. ಗೊನೆಗಳನ್ನು ಎಣ್ಣೆ ಮತ್ತು ಪೊಟ್ಯಾಶಿಯಂ ಕಾರ್ಬೊನೇಟಿನ ನೀರಿನಲ್ಲಿ ಅದ್ದಿ, ಹಸಿರು ಬಲೆಯ ನೆರಳಿನಲ್ಲಿ ಸಾಲು ಸಾಲು ಹರವಿ ಒಣಗಿಸುವ ಹಂಗಾಮು ಮುಗಿದು, ಈಗ ಲೆಕ್ಕದ ಹಂಗಾಮು. ಮೂಲೆಯಲ್ಲಿದ್ದ ಹಳೆಯ ಮೇಜಿನ ಕೀಬೋರ್ಡು ಶೆಡ್ಡಿನ ಕಂಪ್ಯೂಟರಿಗೆ ಬೇಕಿತ್ತಂತೆ. ಕೊಟ್ಟೆ. ಅವರು ಬಲಗಡೆಯ ಅಂಕಿಗಳ ಚೌಕದ ಮೇಲೆ ಮೂರು ಬೆರಳಿಟ್ಟು, ಕಿಲೋ, ದರ, ಬಾಕ್ಸು ಎಂದು ಗಾಳಿಯಲ್ಲೇ ಒಂದು ಲೆಕ್ಕ ಹೊಡೆದು ನೋಡಿದರು. ಸಮಾಧಾನವಾಯಿತು. ಆಮೇಲೆ ನನ್ನ ಹೊಸದರ ಕಡೆ ತಿರುಗಿ, ಬಲಗಡೆ ಅಂಕಿಗಳ ಚೌಕ ಇರಬೇಕಾದ ಜಾಗದಲ್ಲಿ ಬರೀ ಮೇಜು ಇರುವುದನ್ನು ಕೈಯಾಡಿಸಿ ಖಾತ್ರಿ ಮಾಡಿಕೊಂಡರು.

“ಇದೇನ್ರಿ ಮಾಸ್ತರ, ಅರ್ಧಾ ಐತಿ?”

“ಲ್ಯಾಪ್‌ಟಾಪ್‌ದಾಗ ಹಿಂಗ ಇರ್ತೈತಿ ಕಾಕಾ. ಅದರಂಗ ಇರ್ಲಿ ಅಂತ ತರಿಸೀನಿ.”

“ಎಷ್ಟ ಕೊಟ್ರಿ?”

ಹೇಳಿದೆ. ಕಾಕಾ ಹಳೆಯದನ್ನು ಕಂಕುಳಲ್ಲಿ ಇರಿಸಿಕೊಂಡು ಬಾಗಿಲವರೆಗೆ ಹೋದವರು ನಿಂತು, “ಉಳಿದ ಅರ್ಧಾ ಮುಂದಿನ ವರ್ಷ ಕೊಡ್ತಾರೇನ್ರಿ?” ಎಂದರು.